ಹೊಟ್ಟೆಗೂ ಒಂದು ಡ್ಯೂಟಿ ಟೈಮ್ ಇದೆ

ಸಾಲ್ಮಿಯಾದ ಫ್ಯಾಮಿಲಿ ಫ್ಲ್ಯಾಟ್ ಇರಲಿ, ಅಬ್ಬಾಸಿಯಾದ ಬ್ಯಾಚುಲರ್ ರೂಮ್ ಇರಲಿ, ಕುವೈತಿನಲ್ಲಿ ನಮ್ಮವರಿರುವ ಕಡೆ ಫ್ರಿಜ್ಜಿನ ಮೇಲೆ ಎರಡು ಸಾಮಾನು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಒಂದು ಈನೋ ಪ್ಯಾಕೆಟ್ಟು, ಇನ್ನೊಂದು ಊರಿಂದ ಬರುವಾಗ ತಂದ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿ. ಜೊತೆಗೆ ಒಂದು ದೂರು: "ಇಲ್ಲಿಯ ನೀರೇ ಆಗುವುದಿಲ್ಲ ಮಾರಾಯ್ರೇ."

ನೀರಿನ ಮೇಲೆ ಈ ಅಪವಾದ ಹೊರಿಸುವುದು ಅಷ್ಟು ಸರಿಯಲ್ಲ. ನದಿಯೇ ಇಲ್ಲದ ಈ ದೇಶ 1950ರ ದಶಕದಿಂದಲೂ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಿದೆ. ಕಟ್ಟಡದ ಮೇಲಿನ ಟ್ಯಾಂಕನ್ನು ಮಾಲೀಕ ವರ್ಷಗಟ್ಟಲೆ ತೊಳೆಸದಿದ್ದರೆ ಆ ಮಾತು ಬೇರೆ. ಹೆಚ್ಚಿನವರ ಹೊಟ್ಟೆ ಕೆಡಿಸುತ್ತಿರುವುದು ಊಟದ ಹೊತ್ತು.

ಅಂಗಡಿ, ಶೋರೂಮುಗಳ ಸ್ಪ್ಲಿಟ್ ಡ್ಯೂಟಿ ನೋಡಿ. ಬೆಳಿಗ್ಗೆ ಗಡಿಬಿಡಿಯಲ್ಲಿ ಬರೀ ಚಹಾ. ಮಧ್ಯಾಹ್ನ ರೂಮಿಗೆ ಬಂದು ಗಬಗಬ ಉಂಡು ಒಂದು ನಿದ್ದೆ. ಸಂಜೆ ಮತ್ತೆ ಡ್ಯೂಟಿ, ಅದು ಮುಗಿಯುವಾಗ ರಾತ್ರಿ ಒಂಬತ್ತು. ಆಮೇಲೆ ಅಡುಗೆ, ಊರಿಗೆ ವಿಡಿಯೊ ಕಾಲ್, ಹನ್ನೊಂದಕ್ಕೆ ಊಟ, ಹನ್ನೊಂದೂವರೆಗೆ ಹಾಸಿಗೆ. ಅಹ್ಮದಿ ಕಡೆಯ ರಿಫೈನರಿಗಳಲ್ಲಿ ಶಿಫ್ಟ್ ಮಾಡುವವರಿಗೆ ಈ ವೇಳಾಪಟ್ಟಿಯೂ ವಾರಕ್ಕೊಮ್ಮೆ ಉಲ್ಟಾ. ಊಟ ಬಲ್ಲವನಿಗೆ ರೋಗವಿಲ್ಲ ಎಂದ ಹಿರಿಯರು ಸ್ಪ್ಲಿಟ್ ಡ್ಯೂಟಿ ಕಂಡವರಲ್ಲ.

ಹನ್ನೊಂದರ ಆ ಊಟಕ್ಕೆ ಒಳಗೆ ಏನಾಗುತ್ತದೆ? ಅನ್ನವನ್ನು ಚೆನ್ನಾಗಿ ಅಗಿದರೆ ಬಾಯಲ್ಲೇ ಸಿಹಿಯಾಗುತ್ತದೆ. ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯತೊಡಗಿದ ಗುರುತು ಅದು. ದಿನಕ್ಕೆ ಒಂದು ಲೀಟರಿಗೂ ಹೆಚ್ಚು ಜೊಲ್ಲು ಸುರಿಯುತ್ತದೆ, ಆದರೆ ಗಬಗಬ ನುಂಗುವವರಿಗೆ ಅದರ ಲಾಭ ಅರ್ಧವೂ ಸಿಗದು. ಅಲ್ಲಿಂದ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ಇಳಿದರೆ ಜಠರ. ಅಲ್ಲಿಯ ಆಮ್ಲ ನಿಂಬೆರಸಕ್ಕಿಂತಲೂ ಹುಳಿ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ, ಅನ್ನನಾಳಕ್ಕೆ ಅಷ್ಟಿಲ್ಲ. ಇವೆರಡು ಸೇರುವಲ್ಲಿ ಬಿಗಿಯುವ ಒಂದು ಸ್ನಾಯುವಿನ ಬಳೆಯಷ್ಟೇ ಆಮ್ಲವನ್ನು ಕೆಳಗೆ ತಡೆದು ನಿಲ್ಲಿಸಬೇಕು.

ಜಿಡ್ಡು, ಕಾಫಿ, ಚಾಕೊಲೇಟ್, ಸಿಗರೇಟು ಆ ಬಳೆಯನ್ನು ಸಡಿಲಿಸುತ್ತವೆ. ಜಿಡ್ಡಿನದು ಇನ್ನೂ ಒಂದು ಕಿತಾಪತಿ ಇದೆ, ಅದು ಜಠರ ಖಾಲಿಯಾಗುವುದನ್ನೇ ತಡಮಾಡುತ್ತದೆ. ಸಾಧಾರಣ ಊಟ ಮೂರು-ನಾಲ್ಕು ಗಂಟೆಯಲ್ಲಿ ಮುಂದೆ ಸಾಗಿದರೆ ಗುರುವಾರ ರಾತ್ರಿಯ ಬಿರಿಯಾನಿ ಅಥವಾ ಮಚ್‌ಬೂಸ್ ಅದಕ್ಕೂ ಹೆಚ್ಚು ಹೊತ್ತು ಅಲ್ಲೇ ಕೂತಿರುತ್ತದೆ. ಇಲ್ಲಿ ಶುಕ್ರವಾರ-ಶನಿವಾರ ರಜೆ, ಹಾಗಾಗಿ ಪಾರ್ಟಿಗಳೆಲ್ಲ ಗುರುವಾರವೇ. ಉಂಡು ಮಲಗಿದರೆ ಆಮ್ಲ ಮೇಲಕ್ಕೆ ಬರುವುದು ಸುಲಭ, ಅದನ್ನು ಕೆಳಗೆ ತಳ್ಳುವುದು ಕಷ್ಟ. ಎಚ್ಚರವಿದ್ದಾಗ ನಾವು ಆಗಾಗ ಜೊಲ್ಲು ನುಂಗುತ್ತಾ ಅನ್ನನಾಳ ತೊಳೆಯುತ್ತಿರುತ್ತೇವೆ, ನಿದ್ದೆಯಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನಸುಕಿನ ಮೂರಕ್ಕೆ ಹುಳಿತೇಗು, ಎದೆಯುರಿಯಿಂದ ಎದ್ದು ಕೂರುವುದು ಈ ಕಾರಣಕ್ಕೆ.

ಇದಕ್ಕೆ ಮದ್ದು ಈನೋ ಅಲ್ಲ. ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಸರಿಸಬೇಕು. ಸಂಜೆ ಡ್ಯೂಟಿಯ ನಡುವೆ ಏಳರ ಸುಮಾರಿಗೆ ಡಬ್ಬಿ ಬಿಚ್ಚಿ ಅರ್ಧ ಊಟ ಮುಗಿಸಿದರೆ ರೂಮಿಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ ಸಾಕು. ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಲಬನ್ ಎಂದರೆ ಅದೇ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರವಿರಲಿ. ಆಗದಿದ್ದರೆ ಎಡ ಮಗ್ಗುಲಲ್ಲಿ ಮಲಗಿ. ಜಠರ ಬಾಗಿರುವ ರೀತಿಯಿಂದ ಆಗ ಆಮ್ಲ ಕೆಳಗೇ ನಿಲ್ಲುತ್ತದೆ.

ಸುಮಾರು ಆರು ಮೀಟರಿನ ಸಣ್ಣ ಕರುಳಿನ ಕಥೆ ಬೇರೆ. ಯಕೃತ್ತಿನ ಪಿತ್ತರಸ, ಮೇದೋಜೀರಕದ ರಸಗಳು ಸೇರಿ ಜೀರ್ಣಕ್ರಿಯೆ ನಿಜವಾಗಿ ನಡೆಯುವುದು ಇಲ್ಲಿ, ರಕ್ತಕ್ಕೆ ಸಾರ ಹೋಗುವುದೂ ಇಲ್ಲಿಂದಲೇ. ಹೊಟ್ಟೆ ಖಾಲಿ ಇರುವಾಗ ಸುಮಾರು ಒಂದೂವರೆ-ಎರಡು ಗಂಟೆಗೊಮ್ಮೆ ಜಠರದಿಂದ ಹೊರಟ ಅಲೆಯೊಂದು ಕರುಳಿನುದ್ದಕ್ಕೂ ಸಾಗಿ ಉಳಿದ ಚೂರುಪಾರನ್ನೆಲ್ಲ ಪೊರಕೆಯಂತೆ ಗುಡಿಸಿಕೊಂಡು ಹೋಗುತ್ತದೆ. ಖಾಲಿ ಹೊಟ್ಟೆ ಗುರ್ರ್ ಎನ್ನುವ ಸದ್ದಿಗೆ ಇದೂ ಕಾರಣ. ಬಾಯಿಗೆ ಏನು ಬಿದ್ದರೂ ಆ ಅಲೆ ನಿಂತುಹೋಗುತ್ತದೆ. ಗಂಟೆಗೊಂದು ಹಾಲು-ಸಕ್ಕರೆಯ ಚಹಾ, ಜೊತೆಗೆರಡು ಬಿಸ್ಕತ್ತು ಎನ್ನುವ ಆಫೀಸುಗಳಲ್ಲಿ ಕರುಳಿಗೆ ಗುಡಿಸಲು ಪುರುಸೊತ್ತೇ ಸಿಗುವುದಿಲ್ಲ. ಚಹಾ ಬಿಡಿ ಎಂದು ಕರಾವಳಿಯವರಿಗೆ ಹೇಳುವ ಧೈರ್ಯ ನನಗಿಲ್ಲ. ಕುಡಿಯುವುದನ್ನು ಊಟ-ತಿಂಡಿಯ ಹೊತ್ತಿಗೇ ಸೇರಿಸಿಕೊಂಡರೆ ಸಾಕು.

ಇನ್ನು ನೀರಿನ ಲೆಕ್ಕ. ನಾವು ದಿನಕ್ಕೆ ಕುಡಿದು ತಿಂದು ಒಳಗೆ ಕಳಿಸುವ ನೀರು ಸುಮಾರು ಎರಡು ಲೀಟರ್. ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ದೇಹವೇ ಕರುಳಿಗೆ ಸುರಿಯುವುದು ಇನ್ನೂ ಏಳು. ಈ ಒಂಬತ್ತು ಲೀಟರಿನಲ್ಲಿ ಬಹುಪಾಲನ್ನು ಸಣ್ಣ ಕರುಳು, ಉಳಿದದ್ದರಲ್ಲಿ ಹೆಚ್ಚಿನದನ್ನು ದೊಡ್ಡ ಕರುಳು ವಾಪಸು ಹೀರುತ್ತವೆ. ಮಲದಲ್ಲಿ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಮಲ ಒಳಗೆ ತಡೆದು ನಿಂತಷ್ಟೂ ಆ ಹನಿಯೂ ಆರುತ್ತದೆ.

2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ ಉಷ್ಣಾಂಶ 53.9 ಡಿಗ್ರಿ ಸೆಲ್ಸಿಯಸ್. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವೇ ಇದೆ. ಇಂಥ ಸೆಕೆಯಲ್ಲಿ ಸೈಟಿನವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಯಾಕೆಂದರೆ ಟಾಯ್ಲೆಟ್ ದೂರ. ಬಂದ ಶಂಕೆಯನ್ನೂ ಕಟ್ಟಿಕೊಂಡು ಇರುತ್ತಾರೆ. ರಂಜಾನ್ ತಿಂಗಳಲ್ಲಿ ಹಗಲು ಎಲ್ಲರೆದುರು ಉಣ್ಣುವುದು, ಕುಡಿಯುವುದು ಕಾನೂನಿಗೆ ವಿರುದ್ಧವಾದ್ದರಿಂದ ಉಪವಾಸವಿಲ್ಲದವರೂ ಸಂಜೆಯವರೆಗೆ ಬಾಯಾರಿಯೇ ಇರುವುದುಂಟು. ಮಲಬದ್ಧತೆಗೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ. ಬೆಳಗಿನ ತಿಂಡಿ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ತಾನಾಗಿ ಮಿಡುಕುತ್ತದೆ. ಆ ಹತ್ತು ನಿಮಿಷವನ್ನು ಕಂಪನಿ ಬಸ್ಸಿನ ಹಾರ್ನಿಗೆ ಬಲಿಕೊಡಬೇಡಿ.

ನಾರಿನಂಶ ದಿನಕ್ಕೆ 25ರಿಂದ 30 ಗ್ರಾಂ ಬೇಕು. ಬ್ಯಾಚುಲರ್‌ಗಳ ಆಪದ್ಬಾಂಧವ ಕುಬ್ಬೂಸ್. ಸರ್ಕಾರದ ಸಬ್ಸಿಡಿಯಿಂದಾಗಿ 50 ಫಿಲ್ಸ್‌ಗೆ ಒಂದು ಪ್ಯಾಕೆಟ್ಟು, ಕೋಳಿ ಗ್ರೇವಿಗೆ ಅದ್ದಿದರೆ ಊಟ ಮುಗಿಯಿತು. ಬಿಳಿ ಕುಬ್ಬೂಸ್ ಎಂದರೆ ಮೈದಾ, ಅದರಲ್ಲಿ ನಾರು ಹೆಸರಿಗಷ್ಟೇ. ಪಕ್ಕದಲ್ಲೇ ಗೋಧಿ ತೌಡು ಸೇರಿದ ಕಂದು ಕುಬ್ಬೂಸ್ ಇರುತ್ತದೆ, ಕೈ ಅತ್ತ ಹೋಗಲಿ. ಕುಚ್ಚಲಕ್ಕಿ, ರಾಗಿ, ಹೆಸರುಕಾಳು, ಕಡಲೆ ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತವೆ. ಊರಿಂದ ಹೊತ್ತು ತರಬೇಕಾಗಿಲ್ಲ. ಮುಬಾರಕಿಯಾ ಸೂಕ್‌ನಲ್ಲಿ ರಾಶಿ ಹಾಕಿರುವ ಖರ್ಜೂರದಲ್ಲೂ ಒಳ್ಳೆಯ ನಾರಿದೆ, ಸಕ್ಕರೆ ಕಾಯಿಲೆಯವರು ಮಾತ್ರ ಎಣಿಸಿ ತಿನ್ನಬೇಕು. ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಮಾತ್ರ ಹೊಟ್ಟೆ ಇನ್ನಷ್ಟು ಬಿಗಿಯುತ್ತದೆ.

ಊಟದ ಮಾತಾಯಿತು, ಇನ್ನು ಮಾತ್ರೆಗಳದು. ಸೊಂಟನೋವಿಗೆಂದು ಖಾಲಿ ಹೊಟ್ಟೆಯಲ್ಲಿ ನುಂಗುವ ಬ್ರೂಫೆನ್, ಡೈಕ್ಲೋಫೆನಾಕ್ ಜಠರದ ಲೋಳೆಯ ರಕ್ಷಣೆಯನ್ನೇ ತೆಳುಮಾಡಿ ಹುಣ್ಣು ಎಬ್ಬಿಸುತ್ತವೆ. ಹುಣ್ಣಿನ ಇನ್ನೊಂದು ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. ಟೆನ್ಷನ್‌ನಿಂದ ಹುಣ್ಣು ಎಂದು ಜಗತ್ತೇ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡರು. 2005ರಲ್ಲಿ ಅವರಿಗೆ ಸಹಸಂಶೋಧಕ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಆಂಟಿಬಯೋಟಿಕ್ ಕೋರ್ಸಿನಿಂದ ಈ ಬ್ಯಾಕ್ಟೀರಿಯದ ಸೋಂಕು ಸಾಮಾನ್ಯವಾಗಿ ವಾಸಿಯಾಗುತ್ತದೆ. ವರ್ಷಗಟ್ಟಲೆ ಬರೀ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೆ ವಾಸಿಯಾಗುವುದಿಲ್ಲ.

ಮಲ ಕಪ್ಪಾದರೆ, ರಕ್ತ ಕಂಡರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಊರಿಗೆ ಹೋಗುವ ರಜೆಗೆ ಕಾಯಬೇಡಿ. ಸಿವಿಲ್ ಐಡಿ ಹಿಡಿದು ನಿಮ್ಮ ಏರಿಯಾದ ಕ್ಲಿನಿಕ್ಕಿಗೆ ಹೋಗಿ. ಜೀರ್ಣಾಂಗಗಳಿಗೆಂದೇ ಇರುವ ಕೇಂದ್ರ ಅಮೀರಿ ಆಸ್ಪತ್ರೆಯಲ್ಲೇ ಇದೆ.

ಕೊನೆಗೆ, ಎದೆಯಲ್ಲಿ ಹಿಂಡಿದಂತಾಗಿ ನೋವು ಎಡತೋಳಿಗೋ ದವಡೆಗೋ ಹರಿದು ತಣ್ಣನೆ ಬೆವರಿದರೆ ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಬೇಡಿ, ರೂಂಮೇಟನ್ನೂ ಮಲಗಲು ಬಿಡಬೇಡಿ. ಹೃದಯಾಘಾತ ಬರುವುದೂ ಹೀಗೆಯೇ. ಕುವೈತಿನಲ್ಲಿ ಆಂಬುಲೆನ್ಸ್ ಕರೆಯುವ ನಂಬರ್ 112.