ಖಾರವನ್ನು ಅರಿಯುವ ಪ್ರೋಟೀನು

ಅಂಕೋಲೆಯ ಸಮೀಪದ ಅವರ್ಸಾದಲ್ಲಿ ಖಾರದ ಮೀನುಸಾರನ್ನು ಉಂಡವರು ‘ನಾಲಗೆ ಉರಿಯಿತು’ ಎನ್ನುತ್ತಾರೆ. ಬೆಂಕಿಗೆ ಸಲ್ಲುವ ಮಾತನ್ನು ನಾವು ಮೆಣಸಿಗೇಕೆ ಆಡುತ್ತೇವೆ?

1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಇದಕ್ಕೆ ಉತ್ತರವನ್ನು ಕಂಡುಕೊಂಡರು. ಇಲಿಯ ನರಕೋಶಗಳ ಜೀನುಗಳ ಪ್ರತಿಗಳನ್ನು, ಖಾರವನ್ನರಿಯದ ಬೇರೆ ಕೋಶಗಳೊಳಗೆ ತಂಡತಂಡವಾಗಿ ಸೇರಿಸಿ, ಮೆಣಸಿನಕಾಯಿಯ ಖಾರದ್ರವ್ಯವಾದ ಕ್ಯಾಪ್ಸೈಸಿನ್ನನ್ನು ಅವುಗಳ ಮೇಲೆ ಹಾಕಿದರು. ಯಾವ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿತೋ ಅದರಲ್ಲಿ ಬೇಕಾದ ಜೀನು ಇದ್ದಿತು. ಅದರಿಂದಾಗುವ ಗ್ರಾಹಕ ಪ್ರೋಟೀನಿಗೆ ಈಗ ಟಿಆರ್‌ಪಿವಿ1 ಎಂದು ಹೆಸರು. ಕೋಶದ ಪೊರೆಯಲ್ಲಿನ ಈ ಬಾಗಿಲು ಕ್ಯಾಪ್ಸೈಸಿನ್ನಿಗೂ ತೆರೆಯುತ್ತದೆ, ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೂ ತೆರೆಯುತ್ತದೆ. ಆದುದರಿಂದಲೇ ಮಿದುಳಿಗೆ ಎರಡೂ ಉರಿಯೆಂದೇ ತಿಳಿಯುತ್ತದೆ. 2000ದಲ್ಲಿ, ಈ ಜೀನನ್ನು ಇಲ್ಲವಾಗಿಸಿದ ಸುಂಡಿಲಿಗಳು ಕ್ಯಾಪ್ಸೈಸಿನ್ ಬೆರೆಸಿದ ನೀರನ್ನು ನಿರಾತಂಕವಾಗಿ ಕುಡಿದವು.

ಇಂತಹ ಪ್ರೋಟೀನನ್ನು ಪರೀಕ್ಷಿಸಲು ಅದನ್ನು ಶುದ್ಧರೂಪದಲ್ಲಿ ಪಡೆಯಬೇಕು. ಜೀನಿಗೆ ಒಂದು ಗುರುತಿನ ತುಣುಕನ್ನು ಜೋಡಿಸಿ, ಸಾಕಿದ ಕೋಶಗಳಲ್ಲಿ ಪ್ರೋಟೀನನ್ನು ತಯಾರಿಸುತ್ತಾರೆ. ಮಾರ್ಜಕದಿಂದ ಅದನ್ನು ಪೊರೆಯಿಂದ ಬಿಡಿಸಿ, ಆ ಗುರುತಿಗೆ ಅಂಟಿಕೊಳ್ಳುವ ವಸ್ತುವಿನ ಮೂಲಕ ಹಾಯಿಸಿ, ಮಿಕ್ಕುದನ್ನೆಲ್ಲ ತೊಳೆದುಬಿಡುತ್ತಾರೆ. ಹೀಗೆ ಪಡೆದ ಇಲಿಯ ಪ್ರೋಟೀನಿನ ಆಕಾರವು 2013ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿದುಬಂದಿತು: ನಾಲ್ಕು ಸಮಾನ ಘಟಕಗಳು, ನಡುವೆ ಒಂದು ರಂಧ್ರ.

ಈ ಬಾಗಿಲನ್ನು ಮುಚ್ಚಿದರೆ ನೋವು ನೀಗೀತೆಂದು ವೈದ್ಯರು ಆಶಿಸಿದರು. ಆದರೆ ಅಂತಹ ಕೆಲವು ಔಷಧಗಳನ್ನು ಮನುಷ್ಯರಿಗೆ ಕೊಟ್ಟಾಗ ಮೈಕಾವು ಏರಿತು! ಅದೇ ಗ್ರಾಹಕವು ದೇಹದ ಶಾಖದ ಸಮತೋಲಕ್ಕೂ ನೆರವಾಗುತ್ತಿದ್ದಿತು. ಜೂಲಿಯಸ್ಸರಿಗೆ 2021ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಮೈಕಾವನ್ನು ಏರಿಸದೆ ನೋವನ್ನಷ್ಟೇ ತಡೆಯುವ ಔಷಧದ ಶೋಧವು ಮಾತ್ರ ಇನ್ನೂ ನಡೆದಿದೆ.