ನಿಮಗಿದು ಗೊತ್ತೆ? ಹಲ್ಲುನೋವು ನಿಂತರೆ ಸೋಂಕು ಹೋಯಿತೆಂದಲ್ಲ

ರಾತ್ರಿಯೆಲ್ಲ ಸಿಡಿಯುತ್ತಿದ್ದ ದವಡೆ ಹಲ್ಲು ಬೆಳಗಾಗುವಷ್ಟರಲ್ಲಿ ತಣ್ಣಗಾಗಿಬಿಡುತ್ತದೆ. ಲವಂಗ ಕೆಲಸ ಮಾಡಿತು ಎಂದು ಮನೆಮಂದಿ ನೆಮ್ಮದಿಯಾಗುತ್ತಾರೆ. ಲವಂಗದೆಣ್ಣೆಯ ಯೂಜಿನಾಲ್ ಸ್ವಲ್ಪ ಹೊತ್ತು ನೋವು ಮರೆಸುವುದು ನಿಜ. ಆದರೆ ಎಷ್ಟೋ ಸಲ ನೋವು ನಿಲ್ಲಲು ಕಾರಣ ಬೇರೆಯೇ: ಹಲ್ಲಿನೊಳಗಿನ ನರ ಸತ್ತಿರುತ್ತದೆ.

ಸೋಂಕು ಮಾತ್ರ ಬದುಕಿರುತ್ತದೆ. ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿದು ಕೀವು ಕಟ್ಟುತ್ತದೆ. ಕನ್ನಡಿ ಮುಂದೆ ತುಟಿ ಎತ್ತಿ ನೋಡಿದರೆ ಒಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಕಾಣಬಹುದು. ಕೀವು ಹೊರಬರಲು ಮಾಡಿಕೊಂಡ ದಾರಿ ಅದು.

ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಆಂಟಿಬಯಾಟಿಕ್ ಇದನ್ನು ಗುಣಪಡಿಸದು. ಔಷಧ ಸಾಗುವುದು ರಕ್ತದ ಮೂಲಕ. ಸತ್ತ ನರದ ಕೊಳವೆಯಲ್ಲಿ ರಕ್ತ ಹರಿಯುವುದೇ ಇಲ್ಲ! ಕೊಳೆತದ್ದನ್ನು ತೆಗೆದು, ತೊಳೆದು, ಮುಚ್ಚುವ ರೂಟ್ ಕೆನಾಲ್, ಇಲ್ಲವೇ ಹಲ್ಲು ಕೀಳಿಸುವುದೇ ಚಿಕಿತ್ಸೆ. ಜ್ವರ ಬಂದು ಊತ ಹರಡುತ್ತಿದ್ದರೆ ಮಾತ್ರೆಯೂ ಜೊತೆಗೆ ಬೇಕು.

   

ಹೀಗೆ ಉಳಿದ ಸೋಂಕು ಕುತ್ತಿಗೆಗೂ ಹರಡಬಹುದು. ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿ ಕುತ್ತಿಗೆಯನ್ನು ಬಿಗಿಯುವ ಮಾರಕ ಊತವೊಂದನ್ನು ವಿವರಿಸಿದರು. ಇಂದಿಗೂ ಅದು ಅವರ ಹೆಸರಿನ ‘ಲುಡ್ವಿಗ್ಸ್ ಆಂಜೈನಾ’. ಹೆಚ್ಚಿನ ಸಲ ಅದರ ಮೂಲ ಕೆಳದವಡೆಯ ಹುಳುಕು ಹಲ್ಲು. ಗದ್ದದಡಿ ಗಟ್ಟಿ ಊತ, ಬಾಯಿ ತೆರೆಯಲಾಗದಿರುವುದು, ಉಗುಳು ನುಂಗಲೂ ಕಷ್ಟ – ಇವು ಕಂಡರೆ ಬೆಳಗಿನವರೆಗೆ ಕಾಯದೆ ಆ ರಾತ್ರಿಯೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.