ಬುಟ್ಟಿಯೊಳಗಿನ ಬಸುರಿ

"ನಾಗಪ್ಪಗ ಹಾಲು ಹಾಕ್ರೀ ಯವ್ವಾ!"

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ವಯಸ್ಸಾದವರಿಗೆ ಈ ಕೂಗು ಹೊಸದಲ್ಲ. ಹಾವಾಡಿಗ ಪುಂಗಿ ಊದಿ ಬುಟ್ಟಿಯ ಮುಚ್ಚಳ ತೆಗೆದರೆ ಬಸ್ಸಿಗೆ ಹೊರಟವರೂ ನಿಂತು ಕೈ ಮುಗಿಯುತ್ತಿದ್ದರು. ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ಚಿಲ್ಲರೆ ತೆಗೆದು ಹಾಕುತ್ತಿದ್ದರು. ಆದರೆ ಹೆಡೆ ಎತ್ತಿ ನಿಂತದ್ದು ನಾಗಪ್ಪನೋ ನಾಗಮ್ಮನೋ ಎಂದು ಕೇಳಿದವರು ಯಾರು?

ಕೇಳಿದ್ದರೂ ಉತ್ತರ ಸುಲಭವಿರಲಿಲ್ಲ. ಹೆಡೆ, ಬಣ್ಣ ನೋಡಿ ನಾಗರಹಾವಿನ ಗಂಡು ಹೆಣ್ಣು ತಿಳಿಯುವುದಿಲ್ಲ. ಗಂಡಿನ ಬಾಲ ಬುಡದಲ್ಲಿ ತುಸು ದಪ್ಪ, ಹೆಣ್ಣಿನದು ಬೇಗ ಸಣ್ಣಗಾಗುತ್ತದೆ. ಅದೂ ಪಳಗಿದ ಕಣ್ಣಿಗೆ ಮಾತ್ರ ಕಾಣುವ ಗುರುತು. ಹೀಗಾಗಿ ಬುಟ್ಟಿಗೆ ಬಿದ್ದ ಹೆಣ್ಣಿನ ಸಂಕಟ ಯಾರ ಲೆಕ್ಕಕ್ಕೂ ಬರಲೇ ಇಲ್ಲ.

ಕ್ಯಾಲೆಂಡರ್ ತೆಗೆದು ನೋಡಿದರೆ ವಿಷಯ ಬಿಚ್ಚಿಕೊಳ್ಳುತ್ತದೆ. ನಾಗರಹಾವು ತತ್ತಿ ಇಡುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜುಲೈ ನಡುವೆ. ಒಂದು ಸಲಕ್ಕೆ ಸಾಧಾರಣ 12ರಿಂದ 30. ಜಾಗ ಹುತ್ತವೋ ಇಲಿಯ ಬಿಲವೋ. ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು, ತಾಯಿ ತತ್ತಿಯ ಬಳಿಯೇ ಇದ್ದು ಕಾಯುತ್ತದೆ. ಪಂಚಮಿ ಬರುವುದು ಜುಲೈ ಇಲ್ಲವೇ ಆಗಸ್ಟ್‌ನಲ್ಲಿ. ಹಬ್ಬದ ಗಳಿಕೆಗೆ ಹಾವು ಹಿಡಿಯುವುದು ಅದಕ್ಕೆ ಕೆಲವು ವಾರ ಮೊದಲು. ಅಂದರೆ ಆ ಹೊತ್ತಿಗೆ ಸಿಕ್ಕ ಹೆಣ್ಣು ಒಂದೋ ಹೊಟ್ಟೆ ತುಂಬ ತತ್ತಿ ಹೊತ್ತಿರುತ್ತದೆ, ಇಲ್ಲವೇ ಇಟ್ಟ ತತ್ತಿಯನ್ನು ಕಾಯುತ್ತ ಕುಳಿತಿರುತ್ತದೆ.

ಪಂಚಮಿಗೆ ಹೆಣ್ಮಕ್ಕಳನ್ನು ತವರಿಗೆ ಕರೆಸಿ, ಉಂಡಿ ಕಟ್ಟಿಕೊಟ್ಟು, ಜೋಕಾಲಿ ಆಡಿಸುವ ಜಿಲ್ಲೆ ಇದು. ಬಸುರಿ ಮಗಳಿಗೆ ಕುಬಸ ಮಾಡದ ಮನೆಯಿಲ್ಲ. ಅದೇ ಹಬ್ಬದ ಹೆಸರಿನಲ್ಲಿ ಈ ಇನ್ನೊಂದು ಬಸುರಿಗೆ ಆಗುವ ಉಪಚಾರವೇ ಬೇರೆ. ಮೊದಲು ವಿಷದ ಹಲ್ಲು ಕೀಳುತ್ತಾರೆ. ಬಾಯಿ ಹೊಲಿಯುವುದೂ ಉಂಟು. ಬಾಯಿ ಹುಣ್ಣಾಗಿ ಕೀವು ತುಂಬುತ್ತದೆ. ಆಮೇಲೆ ದಿನಗಟ್ಟಲೆ ನೀರಿಲ್ಲ. ಹಬ್ಬದ ದಿನ ಗಂಟಲು ಒಣಗಿದ ಹಾವು ಮುಂದಿಟ್ಟದ್ದನ್ನು ಕುಡಿದರೆ "ದೇವರು ಹಾಲು ಕುಡಿದ" ಎನ್ನುವ ಜನ! ಹಾಲು ಹಾವಿನ ಆಹಾರವೇ ಅಲ್ಲ, ಅದನ್ನು ಅರಗಿಸುವ ಶಕ್ತಿಯೂ ಅದಕ್ಕಿಲ್ಲ.

ಹೊಟ್ಟೆಯೊಳಗೆ ನಡೆಯುವುದು ಇನ್ನೂ ಘೋರ. ಹೆಣ್ಣು ಹಾವು ತತ್ತಿ ಕಟ್ಟುವುದು ಬಹುಮಟ್ಟಿಗೆ ಮೊದಲೇ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ. ಅಂಗಡಿಕಾರರ ಮಾತಿನಲ್ಲಿ ಹೇಳುವುದಾದರೆ ಉದ್ರಿ ಇಲ್ಲ, ಸ್ವಂತ ಬಂಡವಾಳದ ವ್ಯವಹಾರ. ಉಪವಾಸದಿಂದ ಬಂಡವಾಳ ಕರಗಿದರೆ ಆ ವರ್ಷ ತತ್ತಿಯೇ ಇಲ್ಲ. ಬಸುರಿಯಾದ ಹಾವು ಬಿಸಿಲು, ನೆರಳು ಹುಡುಕಿಕೊಂಡು ಮೈಯ ಶಾಖವನ್ನು ಹದವಾಗಿ ಇಟ್ಟುಕೊಳ್ಳುತ್ತದೆ. 40 ಡಿಗ್ರಿ ದಾಟುವ ಮೇ ತಿಂಗಳ ಬಿಸಿಲಿಗೆ ಎರಿ ಹೊಲದ ಬಿಲದೊಳಗೆ ತಂಪಿಗೆ ಇಳಿಯುತ್ತದೆ. ಬುಟ್ಟಿಯಲ್ಲಿ ಇಳಿಯುವುದೆಲ್ಲಿಗೆ? ಮೇಲಾಗಿ ಗದ್ದಲ, ತಿವಿತ, ಹೆದರಿಕೆ. ಹೆದರಿದ ಹಾವಿನ ರಕ್ತದಲ್ಲಿ ಕಾರ್ಟಿಕೊಸ್ಟಿರಾನ್ ಎಂಬ ಹಾರ್ಮೋನು ಏರುತ್ತದೆ. ಬಹಳ ದಿನ ಏರಿಯೇ ಉಳಿದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಜೀವ ಉಳಿಸಿಕೊಳ್ಳುವ ಪಾಡಿನಲ್ಲಿ ಸಂತಾನದ ಕೆಲಸ ಹಿಂದೆ ಬೀಳುತ್ತದೆ.

ತತ್ತಿ ಬಲಿತ ಮೇಲೆ ಹಿಡಿದರೆ ಗಂಡಾಂತರ ದೊಡ್ಡದು. ತತ್ತಿ ಇಡಲು ಅದಕ್ಕೆ ತೇವವಿರುವ ಕತ್ತಲೆ ಜಾಗ ಬೇಕು. ಅದು ಸಿಗದೆ, ಮೈಯ ನೀರೂ ಆರಿ, ಕಸುವು ಸೋತಾಗ ತತ್ತಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಕೊಳೆತು ತಾಯಿಯನ್ನೂ ಕೊಲ್ಲುತ್ತದೆ. ಮೃಗಾಲಯದ ಹಾವಿಗಾದರೆ ಎಕ್ಸ್‌ರೇ ಉಂಟು, ಔಷಧಿ ಉಂಟು, ಕೊನೆಗೆ ಆಪರೇಷನ್ನೂ ಉಂಟು. ಬುಟ್ಟಿಯ ಹಾವಿಗೆ ಮುಚ್ಚಳವೊಂದೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರಹಾವು ಹಿಡಿಯುವುದೂ ಬೇಟೆಯೇ. ಕಾಯ್ದೆ ಸರಿ. ಆದರೆ ತಲೆಮಾರುಗಳಿಂದ ಪುಂಗಿಯನ್ನೇ ನಂಬಿದವನ ಕೈಯಿಂದ ಅದನ್ನು ಕಿತ್ತುಕೊಂಡವರು ಬದಲಿಗೆ ಏನು ಕೊಟ್ಟರು? ತಮಿಳುನಾಡಿನಲ್ಲಿ ಕೊಟ್ಟಿದ್ದಾರೆ. ಅಲ್ಲಿನ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಸರ್ಕಾರದ ಅನುಮತಿಯಿಂದ ಹಾವು ಹಿಡಿದು, ಮಡಕೆಯಲ್ಲಿ ಮೂರು ನಾಲ್ಕು ವಾರ ಇಟ್ಟು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಹೊಟ್ಟೆಯ ಹುರುಪೆಗೆ ಗುರುತು ಮಾಡುವುದರಿಂದ ಅದೇ ಹಾವನ್ನು ಮತ್ತೆ ತಂದು ಹಿಂಡುವಂತಿಲ್ಲ. ಆ ವಿಷದಿಂದಲೇ ಹಾವು ಕಡಿತದ ಮದ್ದು ತಯಾರಾಗುತ್ತದೆ. ಮಡಕೆಯೂ ಸೆರೆಯೇ, ಸುಖವೇನಲ್ಲ. ಆದರೂ ಅದಕ್ಕೊಂದು ಗಡುವು ಇದೆ.

ಹಿಡಿಯದೆಯೇ ಹಾವಿನ ಬಾಣಂತನ ಕಾಯುವ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಮಲೆನಾಡಿನ ಆಗುಂಬೆಯಲ್ಲಿ 2005ರಲ್ಲಿ ರೊಮುಲಸ್ ವಿಟೇಕರ್ ಸಂಶೋಧನಾ ಕೇಂದ್ರ ತೆರೆದರು. ಅಲ್ಲಿ ಕಾಳಿಂಗದ ಹೆಣ್ಣು ತರಗೆಲೆ ಕೂಡಿಸಿ ಗೂಡು ಕಟ್ಟಿ ತತ್ತಿ ಇಡುತ್ತದೆ. ಗೂಡನ್ನು ಕೀಳದೆ ಇದ್ದಲ್ಲೇ ಗಮನಿಸುತ್ತ ಬಂದಿದ್ದಾರೆ.

ಈ ಜಿಲ್ಲೆಯಲ್ಲಿ ಕಾಳಿಂಗವಿಲ್ಲ, ನಾಗರ ಉಂಟು. ಪಾಯ ತೋಡುವಾಗಲೋ ಒಡ್ಡು ಕಡಿಯುವಾಗಲೋ ಬೆಳ್ಳನೆ ಮೆತ್ತನೆ ತತ್ತಿ ಸಿಕ್ಕರೆ ಗುದ್ದಲಿ ಅಲ್ಲೇ ನಿಲ್ಲಿಸಿ ಅರಣ್ಯ ಇಲಾಖೆಗೆ ಹೇಳಿ ಕಳಿಸಬೇಕು. ಕೋಳಿ ತತ್ತಿಯಂತೆ ಹೊರಳಿಸಿ ನೋಡುವ ಹಾಗಿಲ್ಲ, ಒಳಗಿನ ಪಿಂಡ ಸಾಯಬಹುದು. ತಾಯಿ ಹತ್ತಿರದಲ್ಲೇ ಇರುತ್ತದೆ ಎಂಬುದನ್ನೂ ಮರೆಯುವ ಹಾಗಿಲ್ಲ. ಒಡೆದು ಬಂದ ಮರಿಗೂ ಮೊದಲ ದಿನದಿಂದಲೇ ವಿಷ ಇರುತ್ತದೆ.

ಹಬ್ಬ ಮುಗಿದ ಮೇಲೆ ಬುಟ್ಟಿಯ ಹಾವನ್ನು ಹೊಲದ ಬದುವಿಗೆ ಬಿಟ್ಟರೆ ಪುಣ್ಯ ಬಂತು ಅಂದುಕೊಳ್ಳುವವರಿದ್ದಾರೆ. ಕಿತ್ತ ವಿಷದ ಹಲ್ಲು ಮತ್ತೆ ಹುಟ್ಟುತ್ತದೆ, ಕೊಳೆತ ದವಡೆ ಹುಟ್ಟುವುದಿಲ್ಲ. ಇಲಿ ಹಿಡಿಯಲಾರದ ಆ ಹೆಣ್ಣು ತೊಗರಿ ಹೊಲದಲ್ಲಿ ಇಲಿಗಳ ನಡುವೆಯೇ ಹಸಿದು ಸಾಯುತ್ತದೆ.